ಗಾಡಿಯ ಕೀಲಿ ಕೊಡುವ ಮುನ್ನ
ಹೊಸದಾಗಿ ಗಾಡಿ ಕಲಿತ ಮಕ್ಕಳಿಗೆ ರಸ್ತೆ ಏಕೆ ಹೆಚ್ಚು ಅಪಾಯ? ಮನೆಯಲ್ಲಿ ನಾವೇನು ಮಾಡಬಹುದು?



ಬೆಳಗಿನ ಹಾಲು ಹಿಂಡಿ, ಸಗಣಿ ತೆಗೆದು, ಮೇವು ಹಾಕುವಷ್ಟರಲ್ಲಿ ಡೈರಿಯಲ್ಲಿ ಹಾಲು ಅಳೆಯುವ ಹೊತ್ತು ಮುಗಿಯುತ್ತ ಬಂದಿರುತ್ತದೆ. ಮನೆಯ ಗಂಡಸರು ಹೊಲಕ್ಕೆ ಹೋಗಿರುತ್ತಾರೆ. ಆಗ ಕ್ಯಾನು ಹಿಡಿದು ಹೊರಡುವವರು ಯಾರು? ಎಷ್ಟೋ ಮನೆಗಳಲ್ಲಿ ಹತ್ತನೇ ತರಗತಿಯ ಮಗ, ಇಲ್ಲವೇ ಪಿಯುಸಿ ಓದುವ ಮಗಳು. "ಯವ್ವಾ, ಐದ ಮಿನಿಟಿನಾಗ ಹೋಗಿ ಬರ್ತೀನಿ" ಎಂದು ಗಾಡಿ ಚಾಲೂ ಮಾಡುತ್ತಾರೆ. ಮಕ್ಕಳು ಕೆಲಸಕ್ಕೆ ಆದರಲ್ಲ ಎಂದು ನಮಗೂ ಸಮಾಧಾನ.

ಆದರೆ ಗಾಡಿ ಓಡಿಸಲು ಬರುವುದು ಬೇರೆ, ರಸ್ತೆಯಲ್ಲಿ ಓಡಿಸುವ ಅನುಭವ ಬೇರೆ. ಹೊಸ ಹೋರಿಯನ್ನು ನಾವು ಮೊದಲ ದಿನವೇ ತುಂಬಿದ ಗಾಡಿಗೆ ಹೂಡುವುದಿಲ್ಲ. ಮೊದಲು ಹಳೆಯ ಎತ್ತಿನ ಜೋಡಿ, ಬರಿಗಾಡಿಗೆ, ಊರ ಹತ್ತಿರದ ದಾರಿಯಲ್ಲಿ. ಆಮೇಲೆ ಸ್ವಲ್ಪ ಹೇರು. ಕೊನೆಗೆ ದೂರದ ದಾರಿ. ಹೋರಿಗೆ ಕೊಡುವ ಈ ಸಾವಧಾನವನ್ನು ನಾವು ಮಕ್ಕಳಿಗೆ ಕೊಡುತ್ತಿಲ್ಲ. ಈ ಲೇಖನ ಹೇಳುವುದು ಇಷ್ಟೇ: ಗಾಡಿಯನ್ನು ಮಕ್ಕಳ ಕೈಗೆ ಒಂದೇ ಸಲ ಕೊಡಬೇಡಿ, ಹಂತ ಹಂತವಾಗಿ ಕೊಡಿ.

ಅಂಕಿ-ಸಂಖ್ಯೆ ಏನು ಹೇಳುತ್ತವೆ?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತದಿಂದ 1,68,491 ಜನ ಸತ್ತರು. ಅವರಲ್ಲಿ 9,528 ಮಂದಿ 18 ವರ್ಷ ತುಂಬದ ಮಕ್ಕಳು. ದ್ವಿಚಕ್ರ ವಾಹನದಲ್ಲಿ ಹೆಲ್ಮೆಟ್ ಇಲ್ಲದೆ ಹೋಗುತ್ತಿದ್ದು ಸತ್ತವರೇ 50,029 ಮಂದಿ. ಇವರಲ್ಲಿ ಹಿಂದೆ ಕುಳಿತವರೂ ಸೇರಿದ್ದಾರೆ. ಜಗತ್ತಿನಲ್ಲಿ 5ರಿಂದ 29 ವರ್ಷದೊಳಗಿನವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜ್ವರಕ್ಕೆ, ಹಾವಿಗೆ, ನೀರಿಗೆ ನಾವು ಎಷ್ಟು ಹೆದರುತ್ತೇವೋ ಅದಕ್ಕಿಂತ ಹೆಚ್ಚು ಈ ವಯಸ್ಸಿನ ಮಕ್ಕಳ ವಿಷಯದಲ್ಲಿ ರಸ್ತೆಗೆ ಹೆದರಬೇಕು.

ಹೊಸಬರಿಗೇ ಏಕೆ ಹೆಚ್ಚು ಅಪಾಯ?

ಮಕ್ಕಳು ಉಡಾಳರು ಎಂಬ ಕಾರಣಕ್ಕಲ್ಲ. ಎಷ್ಟೇ ಸಂಭಾವಿತ ಹುಡುಗ, ಹುಡುಗಿಯಾದರೂ ಹೊಸಬರಲ್ಲಿ ನಾಲ್ಕು ಕೊರತೆ ಇದ್ದೇ ಇರುತ್ತವೆ.

ಒಂದು, ಕಣ್ಣು. ಹೊಸಬರ ನೋಟ ಮುಂದಿನ ಗಾಲಿಯ ಹತ್ತಿರವೇ ಇರುತ್ತದೆ. ಅನುಭವಸ್ಥರು ದೂರ ನೋಡುತ್ತಾರೆ. ರಸ್ತೆ ಬದಿಯಲ್ಲಿ ಆಡು ಮೇಯುತ್ತಿದ್ದರೆ ಅದು ಅಡ್ಡ ಬರಬಹುದು, ನಿಂತ ಬಸ್ಸಿನ ಮುಂದಿನಿಂದ ಮಗು ಓಡಿ ಬರಬಹುದು ಎಂದು ಅವರಿಗೆ ಮೊದಲೇ ಹೊಳೆಯುತ್ತದೆ. ಹೊಸಬರಿಗೆ ಅದು ಹೊಳೆಯುವುದು ಆಡು ಮುಂದೆ ಬಂದ ಮೇಲೆ.

ಎರಡು, ಕೈಕಾಲು. ಗೇರ್, ಕ್ಲಚ್, ಬ್ರೇಕಿನ ಮೇಲೆಯೇ ಅವರ ಅರ್ಧ ಗಮನ ಹೋಗುತ್ತದೆ. ಗಾಬರಿಯಾದಾಗ ಕಾಲಿನ ಬ್ರೇಕನ್ನಷ್ಟೇ ಜೋರಾಗಿ ತುಳಿಯುತ್ತಾರೆ. ಹಿಂದಿನ ಗಾಲಿ ಜಾರಿ ಗಾಡಿ ಅಡ್ಡ ಬೀಳುತ್ತದೆ. ಗಾಡಿ ನಿಲ್ಲಿಸುವ ಹೆಚ್ಚಿನ ಶಕ್ತಿ ಮುಂದಿನ ಬ್ರೇಕಿನಲ್ಲಿದೆ. ಎರಡನ್ನೂ ಒಟ್ಟಿಗೆ, ಹದವಾಗಿ ಒತ್ತುವುದು ರೂಢಿಯಿಂದ ಬರುತ್ತದೆ, ಬಾಯಿಮಾತಿನಿಂದಲ್ಲ.

ಮೂರು, ವೇಗದ ಅಂದಾಜು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಅಪಾಯ ಕಂಡು, ತಿಳಿದು, ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಬೇಕು ಎಂದುಕೊಳ್ಳಿ. ಒಣಗಿದ ಒಳ್ಳೆಯ ಡಾಂಬರಿನ ಮೇಲೆಯೂ ಗಾಡಿ ಪೂರ್ತಿ ನಿಲ್ಲಲು ಸುಮಾರು 26 ಮೀಟರ್ ಬೇಕು. ಅದೇ 60ರ ವೇಗದಲ್ಲಿ ಸುಮಾರು 45 ಮೀಟರ್. 80ರಲ್ಲಿ ಸುಮಾರು 68 ಮೀಟರ್. ವೇಗ ಎರಡು ಪಟ್ಟಾದರೆ ಪೆಟ್ಟಿನ ಜೋರು ನಾಲ್ಕು ಪಟ್ಟಾಗುತ್ತದೆ.

ನಾಲ್ಕು, ಜೊತೆಗಾರರು. ಒಬ್ಬನೇ ಇದ್ದಾಗ ನಿಧಾನ ಹೋಗುವ ಹುಡುಗ ಹಿಂದೆ ಗೆಳೆಯ ಕುಳಿತ ಕೂಡಲೇ ಬದಲಾಗುತ್ತಾನೆ. ಹರೆಯದ ಸ್ವಭಾವವೇ ಅದು. ಮೂವರು ಕುಳಿತರಂತೂ ಗಾಡಿಯ ತೂಕ ಹಿಂದಕ್ಕೆ ಬಿದ್ದು ಮುಂದಿನ ಗಾಲಿಯ ಹಿಡಿತ ಕಡಿಮೆಯಾಗುತ್ತದೆ. ಕಾನೂನಿನ ಪ್ರಕಾರ ಹಿಂದೆ ಒಬ್ಬರನ್ನು ಮಾತ್ರ ಕೂರಿಸಬೇಕು.

ಡೈರಿಗೆ ತಡವಾಗುತ್ತದೆ ಎಂಬ ಅವಸರದ ಬಗ್ಗೆಯೂ ಒಂದು ಲೆಕ್ಕ ನೋಡಿ. ತೋಟದ ಮನೆಯಿಂದ ಡೈರಿಗೆ ನಾಲ್ಕು ಕಿಲೋಮೀಟರ್ ಇದ್ದರೆ, 40ರ ವೇಗದಲ್ಲಿ ಹೋದರೆ 6 ನಿಮಿಷ, 60ರ ವೇಗದಲ್ಲಿ ಹೋದರೆ 4 ನಿಮಿಷ. ಜೋರಾಗಿ ಹೋಗಿ ಉಳಿಸಿದ್ದು ಎರಡೇ ನಿಮಿಷ. "ಲಗೂನ ಹೋಗಿ ಬಾ" ಎಂದು ನಾವು ಹೇಳುವ ಮಾತನ್ನು ಮಗ ಆಕ್ಸಿಲರೇಟರಿನಲ್ಲಿ ಕೇಳಿಸಿಕೊಳ್ಳುತ್ತಾನೆ. ಅದರ ಬದಲು ಹತ್ತು ನಿಮಿಷ ಮೊದಲೇ ಕಳಿಸುವುದು ಒಳ್ಳೆಯದು.

ನಮ್ಮ ಭಾಗದ ರಸ್ತೆಗಳ ಸ್ವಭಾವ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದರೆ ಕಬ್ಬಿನ ಸೀಮೆ. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಹಗಲು ರಾತ್ರಿ ಎನ್ನದೆ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಓಡಾಡುತ್ತವೆ. ಕಬ್ಬಿನ ತುದಿಗಳು ಟ್ರೇಲರಿನ ಆಚೆ ಚಾಚಿಕೊಂಡಿರುತ್ತವೆ. ಗಾಲಿಗೆ ಮೆತ್ತಿದ ಎರೆಮಣ್ಣು ಡಾಂಬರಿನ ಮೇಲೆ ಬೀಳುತ್ತದೆ. ಸ್ವಲ್ಪ ಇಬ್ಬನಿ, ಒಂದು ಹನಿ ಮಳೆ ಬಿದ್ದರೂ ಅದು ಬೆಣ್ಣೆಯ ಹಾಗೆ ಜಾರುತ್ತದೆ. ಅಂಥ ಕಡೆ ಬ್ರೇಕ್ ಹಿಡಿದರೆ ಮೇಲೆ ಹೇಳಿದ ಮೀಟರಿನ ಲೆಕ್ಕ ಯಾವುದೂ ನಡೆಯುವುದಿಲ್ಲ.

ಇನ್ನು ಕತ್ತಲು. ಬೈಕಿನ ಡಿಮ್ ಬೆಳಕಿನಲ್ಲಿ ಮುಂದೆ ಸ್ಪಷ್ಟವಾಗಿ ಕಾಣುವುದು ಸುಮಾರು ಮೂವತ್ತು-ನಲವತ್ತು ಮೀಟರ್. 60ರ ವೇಗದಲ್ಲಿ ನಿಲ್ಲಲು ಬೇಕಾದದ್ದು 45 ಮೀಟರ್. ಅಂದರೆ ಹಿಂದೆ ಕೆಂಪು ದೀಪವಿಲ್ಲದ, ರಿಫ್ಲೆಕ್ಟರ್ ಇಲ್ಲದ ಟ್ರೇಲರ್ ಮುಂದೆ ನಿಂತಿದ್ದರೆ, ಅದು ಕಣ್ಣಿಗೆ ಬೀಳುವಷ್ಟರಲ್ಲಿ ನಿಲ್ಲುವ ಜಾಗ ಮುಗಿದಿರುತ್ತದೆ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದರೆ ಅಷ್ಟೂ ಕಾಣುವುದಿಲ್ಲ. ಬನಹಟ್ಟಿ, ರಬಕವಿಯಲ್ಲಿ ಮಗ್ಗದ ಕೆಲಸ ಮುಗಿಸಿ ರಾತ್ರಿ ಮನೆಗೆ ಬರುವ ಹುಡುಗರಿಗೆ ನಿದ್ದೆಗಣ್ಣಿನ ಅಪಾಯ ಇದರ ಜೊತೆ ಸೇರುತ್ತದೆ.

2024ರ ಜನವರಿ ಕೊನೆಯಲ್ಲಿ ಒಂದು ರಾತ್ರಿ ಜಮಖಂಡಿ ತಾಲ್ಲೂಕಿನ ಅಲಗೂರ ಬಳಿ ಶಾಲಾ ವಾಹನಕ್ಕೂ ಟ್ರ್ಯಾಕ್ಟರ್‌ಗೂ ಡಿಕ್ಕಿಯಾಗಿ ನಾಲ್ವರು ವಿದ್ಯಾರ್ಥಿಗಳು ತೀರಿಕೊಂಡರು. ಆ ಸುದ್ದಿ ಕೇಳಿ ಮರುಗದ ತಾಯಿ ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಅಲ್ಲಿ ತಪ್ಪು ಯಾರದೆಂದು ಹೇಳುವುದು ಇಲ್ಲಿಯ ಕೆಲಸವಲ್ಲ. ಆದರೆ ಕಬ್ಬಿನ ಹಂಗಾಮಿನ ರಾತ್ರಿ ರಸ್ತೆ ಎಷ್ಟು ಕಠಿಣ ಎಂಬುದು ನಮಗೆ ನೆನಪಿರಬೇಕು. ವರ್ಷಗಟ್ಟಲೆ ಗಾಡಿ ಓಡಿಸಿದವರಿಗೇ ಕಷ್ಟವಾದ ರಸ್ತೆಯಲ್ಲಿ ನಿನ್ನೆ ಕಲಿತ ಮಗುವನ್ನು ಬಿಡಬಹುದೇ?

ಟ್ರ್ಯಾಕ್ಟರ್ ಆಟಿಗೆಯಲ್ಲ

ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುವ ಹುಡುಗ ರಸ್ತೆಯಲ್ಲೂ ಹೊಡೆಯಬಲ್ಲ ಎಂದುಕೊಳ್ಳುವುದು ತಪ್ಪು. ಟ್ರ್ಯಾಕ್ಟರಿಗೆ ಎಡಗಾಲಿಗೊಂದು, ಬಲಗಾಲಿಗೊಂದು ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತವೆ. ಹೊಲದಲ್ಲಿ ತಿರುಗಿಸಲು ಅದು ಅನುಕೂಲ. ರಸ್ತೆಗೆ ಬರುವಾಗ ಎರಡೂ ಪೆಡಲ್‌ಗಳನ್ನು ಕೊಂಡಿ ಹಾಕಿ ಜೋಡಿಸಲೇಬೇಕು. ಕೊಂಡಿ ಹಾಕದೆ ವೇಗದಲ್ಲಿ ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಒಂದು ಬದಿಗೆ ತಿರುಗಿ ಉರುಳುತ್ತದೆ. ಹಿಂದೆ ಭಾರದ ಟ್ರೇಲರ್ ಇದ್ದರೆ ಇಳಿಜಾರಿನಲ್ಲಿ ಅದು ಟ್ರ್ಯಾಕ್ಟರನ್ನೇ ಮುಂದಕ್ಕೆ ದೂಡುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವ ಚಟ ಹಲವರಿಗಿದೆ. ಅದರಿಂದ ಇಂಜಿನ್ನಿನ ಹಿಡಿತ ತಪ್ಪಿ ಬ್ರೇಕಿನ ಮೇಲೆಯೇ ಇಡೀ ಭಾರ ಬೀಳುತ್ತದೆ.

ಮಡ್‌ಗಾರ್ಡಿನ ಮೇಲೆ ತಮ್ಮ, ತಂಗಿಯನ್ನು ಕೂರಿಸಿಕೊಳ್ಳುವುದನ್ನು ನಿಲ್ಲಿಸಿ. ಒಂದು ಕುಳಿ ಹಾರಿದರೆ ಸಾಕು, ಮಗು ಬೀಳುವುದು ದೊಡ್ಡ ಗಾಲಿಯ ಮುಂದೆಯೇ. ಟ್ರ್ಯಾಕ್ಟರ್ ಓಡಿಸುವವರಿಗೂ 18 ವರ್ಷ ತುಂಬಿರಬೇಕು, ಲೈಸೆನ್ಸ್ ಇರಬೇಕು.

ಹಾಲಿನ ಕ್ಯಾನು ಕಟ್ಟುವ ಬಗೆ

ಇದು ನಮಗೇ ಸಂಬಂಧಿಸಿದ ವಿಷಯ. 40 ಲೀಟರ್ ಹಾಲಿನ ತೂಕ ಸುಮಾರು 41 ಕಿಲೋ. ಕ್ಯಾನಿನ ತೂಕ ಬೇರೆ. ಇಷ್ಟು ಭಾರ ಒಂದೇ ಬದಿಗಿದ್ದರೆ ತಿರುವಿನಲ್ಲಿ ಗಾಡಿ ಆ ಕಡೆಗೆ ಎಳೆಯುತ್ತದೆ. ಅರ್ಧ ತುಂಬಿದ ಕ್ಯಾನು ಇನ್ನೂ ಕೆಟ್ಟದ್ದು: ಬ್ರೇಕ್ ಹಾಕಿದಾಗ ಹಾಲು ಮುಂದಕ್ಕೆ ನುಗ್ಗಿ, ತಿರುವಿನಲ್ಲಿ ಬದಿಗೆ ಹೊರಳಿ ಗಾಡಿಯನ್ನು ಅಲುಗಾಡಿಸುತ್ತದೆ. ಆದ್ದರಿಂದ ದೊಡ್ಡವರು ಒಯ್ಯುವಾಗಲೂ ಇವನ್ನು ಪಾಲಿಸಿ:

• ಎರಡೂ ಬದಿಗೆ ಸಮ ತೂಕ ಇರಲಿ. ಕ್ಯಾನು ಸೀಟಿಗಿಂತ ಕೆಳಗೆ, ಕಬ್ಬಿಣದ ಸ್ಟ್ಯಾಂಡಿನಲ್ಲಿ ಬಿಗಿಯಾಗಿ ಕುಳಿತಿರಲಿ.
• ಹಾಲು ಕಡಿಮೆ ಇದ್ದರೆ ದೊಡ್ಡ ಕ್ಯಾನಿನಲ್ಲಿ ಅರ್ಧ ಹಾಕುವ ಬದಲು ಚಿಕ್ಕ ಕ್ಯಾನು ತುಂಬಿಸಿ.
• ಹ್ಯಾಂಡಲ್ಲಿಗೆ ಕ್ಯಾನು ನೇತು ಹಾಕಬೇಡಿ. ಟ್ಯಾಂಕಿನ ಮೇಲೆ ಇಟ್ಟು ತೊಡೆಯಿಂದ ಒತ್ತಿ ಹಿಡಿಯುವುದೂ ಬೇಡ.
• ಹಸಿಮೇವಿನ ಹೊರೆ ಮತ್ತು ಹಾಲಿನ ಕ್ಯಾನನ್ನು ಒಂದೇ ಸಲ ಹೇರಬೇಡಿ.
• ಹಿಂದೆ ಕೂರುವಾಗ ಸೀರೆಯ ಸೆರಗು, ಹೆಣ್ಣುಮಕ್ಕಳ ವೇಲ್ ಗಾಲಿಗೆ ಸಿಗದಂತೆ ಸುತ್ತಿ ಸಿಗಿಸಿಕೊಳ್ಳಿ.

ಕಾನೂನು ಹಿಡಿಯುವುದು ಯಾರನ್ನು?

ಹಾಲಿನ ದುಡ್ಡಿನಿಂದಲೋ ಸಂಘದ ಸಾಲದಿಂದಲೋ ಕೊಂಡ ಗಾಡಿ ಇಂದು ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳ ಹೆಸರಿನಲ್ಲೇ ಇದೆ. ಅದು ಹೆಮ್ಮೆಯ ವಿಷಯ. ಆದರೆ ಅದರ ಜೊತೆಗೆ ಬರುವ ಹೊಣೆಯೂ ತಿಳಿದಿರಬೇಕು.

1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ 199ಎ ಎಂಬ ಹೊಸ ಕಲಂ ಸೇರಿದೆ. 18 ತುಂಬದವರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರು ಅಥವಾ ಗಾಡಿಯ ಮಾಲೀಕರೇ ಅಪರಾಧಿ ಎಂದು ಅದು ಹೇಳುತ್ತದೆ. ಅದಕ್ಕೆ ಶಿಕ್ಷೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. "ನನಗೆ ಗೊತ್ತಿರಲಿಲ್ಲ, ಅವನೇ ಒಯ್ದ" ಎಂದರೆ ಸಾಲದು. ನಮಗೆ ತಿಳಿಯದೆ ಆಯಿತು, ಇಲ್ಲವೇ ತಡೆಯಲು ಮಾಡಬೇಕಾದದ್ದೆಲ್ಲ ಮಾಡಿದ್ದೆವು ಎಂದು ನಾವೇ ಸಾಬೀತು ಮಾಡಬೇಕು.

"ಸ್ಕೂಟಿಗೆ ಗೇರ್ ಇಲ್ಲ, 16 ವರ್ಷಕ್ಕೇ ನಡೆಯುತ್ತದೆ" ಎಂಬ ಮಾತು ಊರಲ್ಲಿ ಓಡಾಡುತ್ತಿದೆ. ಕಾನೂನಿನಲ್ಲಿ ಆ ವಿನಾಯಿತಿ ಇರುವುದು 50 ಸಿಸಿ ಒಳಗಿನ ಗೇರ್ ಇಲ್ಲದ ಗಾಡಿಗೆ, ಅದೂ ಲೈಸೆನ್ಸ್ ಪಡೆದ ಮೇಲೆ. ನಮ್ಮ ಮನೆಗಳಲ್ಲಿರುವ ಆಕ್ಟಿವಾದಂಥ ಗಾಡಿಗಳು ಸುಮಾರು 110 ಸಿಸಿ. ಅವಕ್ಕೆ 18 ತುಂಬಲೇಬೇಕು.

ವಿಮೆಯ ವಿಷಯವನ್ನೂ ತಿಳಿಯಿರಿ. ಲೈಸೆನ್ಸ್ ಇಲ್ಲದವರ ಕೈಯಲ್ಲಿ ಗಾಡಿ ಇದ್ದಾಗ ಬೇರೆಯವರಿಗೆ ಪೆಟ್ಟಾದರೆ, ನ್ಯಾಯಾಲಯ ವಿಮಾ ಕಂಪನಿಯಿಂದ ಮೊದಲು ಪರಿಹಾರ ಕೊಡಿಸಿ, ಆ ಹಣವನ್ನು ಮಾಲೀಕರಿಂದ ವಸೂಲಿ ಮಾಡಿಕೊಳ್ಳಲು ಹೇಳಬಹುದು. ಆ ಮೊತ್ತ ಲಕ್ಷಗಳಲ್ಲಿರುತ್ತದೆ. ಎಮ್ಮೆ, ಆಕಳು, ಹೊಲ ಮಾರಿದರೂ ತೀರದ ಸಾಲವಾಗಬಹುದು.

ಹಂತ ಹಂತವಾಗಿ ಕೊಡುವುದು ಹೇಗೆ?

ನ್ಯೂಜಿಲೆಂಡ್ ದೇಶ 1987ರಲ್ಲೇ ಹೊಸಬರಿಗೆ ಹಂತ ಹಂತದ ಲೈಸೆನ್ಸ್ ಪದ್ಧತಿ ತಂದಿತು. ಅಲ್ಲಿ ಎರಡನೆಯ ಹಂತದಲ್ಲಿರುವವರು ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಬ್ಬರೇ ಗಾಡಿ ಓಡಿಸುವಂತಿಲ್ಲ, ಗೆಳೆಯರನ್ನು ಕೂರಿಸಿಕೊಂಡು ಹೋಗುವಂತಿಲ್ಲ. ಆಮೇಲೆ ಬೇರೆ ದೇಶಗಳೂ ಇಂಥ ಪದ್ಧತಿ ತಂದವು, ಹರೆಯದವರ ಅಪಘಾತ ಕಡಿಮೆಯಾದವು. ನಮ್ಮಲ್ಲಿ ಇಂಥ ಕಾನೂನಿಲ್ಲ. ಆದರೆ ಇದನ್ನು ಮನೆಯ ಕಟ್ಟಳೆಯಾಗಿ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಮೊದಲ ಹಂತ, 18 ತುಂಬುವವರೆಗೆ: ರಸ್ತೆಗೆ ಗಾಡಿ ಇಲ್ಲ. ಹತ್ತಿರದ ಡೈರಿಗೆ ಸೈಕಲ್ಲು ಅಥವಾ ನಡಿಗೆ. ದೂರವಿದ್ದರೆ ನಾಲ್ಕೈದು ಮನೆಯವರು ಸೇರಿ ಸರದಿಯಂತೆ, ಲೈಸೆನ್ಸ್ ಇರುವ ಒಬ್ಬ ದೊಡ್ಡವರ ಕೈಯಲ್ಲಿ ಎಲ್ಲರ ಕ್ಯಾನು ಕಳಿಸಿ. ಪ್ರತಿ ಕ್ಯಾನಿಗೂ ಉತ್ಪಾದಕರ ಸಂಖ್ಯೆ ಬರೆದಿಟ್ಟರೆ ಫ್ಯಾಟ್, ಅಳತೆ ಅದಲುಬದಲಾಗುವುದಿಲ್ಲ.

ಎರಡನೆಯ ಹಂತ, ಕಲಿಕೆ: 18 ತುಂಬಿದ ಮೇಲೆ ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಿ ಕಲಿಕಾ ಲೈಸೆನ್ಸ್ ಮಾಡಿಸಿ. ನಮ್ಮ ಭಾಗಕ್ಕೆ ಜಮಖಂಡಿಯಲ್ಲೇ ಆರ್‌ಟಿಒ ಕಚೇರಿ ಇದೆ. ಕಲಿಕಾ ಲೈಸೆನ್ಸ್ 6 ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿಗೆ ಪರೀಕ್ಷೆ ಕೊಡಬಹುದು. ಆದರೆ 30 ದಿನಕ್ಕೇ ಅವಸರ ಮಾಡಬೇಡಿ, ಎರಡು ಮೂರು ತಿಂಗಳು ಕಲಿಯಲಿ. ಗಾಡಿಯ ಹಿಂದೆ ಮುಂದೆ ಕೆಂಪು ಬಣ್ಣದ 'ಎಲ್' ಫಲಕ ಇರಲಿ. ಕಲಿಸುವ ಲೈಸೆನ್ಸುದಾರರನ್ನು ಬಿಟ್ಟು ಬೇರೆ ಯಾರೂ ಹಿಂದೆ ಕೂರಬಾರದು. ಅವ್ವನೂ ಸಹ.

ಮೂರನೆಯ ಹಂತ, ಲೈಸೆನ್ಸ್ ಬಂದ ಮೊದಲ ವರ್ಷ: ಮೊದಲ ಆರು ತಿಂಗಳು ಹಗಲು ಮಾತ್ರ, ಊರ ಸುತ್ತಲಿನ ದಾರಿ ಮಾತ್ರ, ಒಬ್ಬರೇ. ಆಮೇಲೆ ಸ್ವಲ್ಪ ಭಾರ, ಒಬ್ಬ ಸವಾರ. ಕಬ್ಬಿನ ಹಂಗಾಮಿನ ರಾತ್ರಿ, ಹೆದ್ದಾರಿ, ಜಾತ್ರೆಯ ಗದ್ದಲ ಇವು ಕೊನೆಗೆ. ಫೋನು ಜೇಬಿನಲ್ಲಿ, ಬಂದ ಕರೆಗೆ ಗಾಡಿ ನಿಲ್ಲಿಸಿಯೇ ಉತ್ತರ. ಮಗ ರಸ್ತೆಯಲ್ಲಿರುವಾಗ ನಾವೂ ಮೇಲಿಂದ ಮೇಲೆ ಫೋನು ಮಾಡಬಾರದು.

ಮೂರೂ ಹಂತಕ್ಕೆ ಹೆಲ್ಮೆಟ್ ಕಡ್ಡಾಯ. ಒಳ್ಳೆಯ ಹೆಲ್ಮೆಟ್ ತಲೆಯ ಪೆಟ್ಟನ್ನು ಶೇಕಡಾ 69ರಷ್ಟು, ಸಾವನ್ನು ಶೇಕಡಾ 42ರಷ್ಟು ಕಡಿಮೆ ಮಾಡುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಐಎಸ್‌ಐ ಗುರುತು ನೋಡಿ ಕೊಳ್ಳಿ. ಗಲ್ಲದ ಪಟ್ಟಿ ಹಾಕದ ಹೆಲ್ಮೆಟ್ ಬಿದ್ದಾಗ ಮೊದಲು ಹಾರಿಹೋಗುತ್ತದೆ. ಹಿಂದೆ ಕೂರುವ ನಿಮಗೂ ಒಂದು ಬೇಕು. ಕಾನೂನು ಹಿಂದೆ ಕೂರುವವರಿಗೂ ಅದನ್ನು ಕಡ್ಡಾಯ ಮಾಡಿದೆ. ಅವ್ವ ಹಾಕಿದ್ದನ್ನು ನೋಡಿದ ಮಗ ಹಾಕದೆ ಇರುವುದಿಲ್ಲ.

ಅಪಘಾತವಾದರೆ

ಕೂಡಲೇ 108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಮೊದಲ ಒಂದು ತಾಸು ಬಹಳ ಮುಖ್ಯ. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಕುತ್ತಿಗೆ, ಬೆನ್ನಿಗೆ ಪೆಟ್ಟಾದ ಅನುಮಾನವಿದ್ದರೆ ಎಳೆದಾಡಬೇಡಿ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸು, ಕೋರ್ಟಿನ ತೊಂದರೆಯಾಗದಂತೆ 2019ರ ತಿದ್ದುಪಡಿಯಲ್ಲೇ ರಕ್ಷಣೆ ಇದೆ. ತಮ್ಮ ಹೆಸರು ಹೇಳುವುದೂ ಅವರ ಇಷ್ಟ. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ತಂದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಮೊದಲು ಹಣ ಕಟ್ಟಬೇಕಿಲ್ಲ. ಆಸ್ಪತ್ರೆಯಲ್ಲಿ ಇದನ್ನು ಕೇಳಿ.

ಸಂಘದಲ್ಲಿ ಮಾತಾಡಿ

ಒಂದು ಮನೆಯವರು ಕಟ್ಟಳೆ ಮಾಡಿದರೆ ಮಗ "ಎಲ್ಲಾರೂ ಹೊಡೀತಾರ, ನನಗಷ್ಟ ಯಾಕ ಬ್ಯಾಡ?" ಎನ್ನುತ್ತಾನೆ. ಊರಿನ ಎಲ್ಲ ತಾಯಂದಿರು ಒಂದೇ ಮಾತಾಡಿದರೆ ಆ ಪ್ರಶ್ನೆ ಬರುವುದಿಲ್ಲ. ಮುಂದಿನ ಸಂಘದ ಸಭೆಯಲ್ಲಿ ಮೂರು ವಿಷಯ ಎತ್ತಿ: 18 ತುಂಬದವರು ಗಾಡಿಯಲ್ಲಿ ಹಾಲು ತರಬಾರದು ಎಂಬ ಠರಾವು, ದೂರದ ತೋಟದ ಮನೆಗಳಿಗೆ ಸರದಿಯ ವ್ಯವಸ್ಥೆ, ಹಂಗಾಮಿಗೆ ಮೊದಲು ಊರಿನ ಎಲ್ಲ ಟ್ರೇಲರುಗಳ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ. ಮೂರಕ್ಕೂ ದೊಡ್ಡ ಖರ್ಚಿಲ್ಲ.

ಒಂದು ಹೊತ್ತಿನ ಹಾಲು ಡೈರಿಗೆ ಹೋಗದಿದ್ದರೆ ಮೊಸರು ಮಾಡಬಹುದು, ಬೆಣ್ಣೆ ತೆಗೆಯಬಹುದು, ನೆರೆಯವರಿಗೆ ಕೊಡಬಹುದು. ಮಗ ರಸ್ತೆಯಲ್ಲಿ ಬಿದ್ದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಗಾಡಿಯ ಕೀಲಿ ಕೈಗೆ ಸಿಗುವ ಗೂಟಕ್ಕೆ ತೂಗು ಹಾಕುವ ಬದಲು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಕೊಡುವ ಕಾಲ ಬಂದಾಗ ಕಲಿಸಿ ಕೊಡಿ.